ಸತ್ತ ಪದಗಳ ವಾರಸುದಾರರು

ಕಳೆದ ಬೇಸಿಗೆಯಲ್ಲಿ ಮಗಳ ಸಂಸಾರ ಹೊರದೇಶದಿಂದ ಬಂದು ಒಂದು ತಿಂಗಳು ನಮ್ಮೊಡನಿತ್ತು. ಒಂದು ಮಧ್ಯಾಹ್ನ ಹತ್ತು ವರ್ಷದ ಮೊಮ್ಮಗಳು ನನ್ನ ಮೇಜಿನ ಡ್ರಾಯರಿನಿಂದ ಪಾಸ್‌ಪೋರ್ಟನ್ನು ಹೊರತೆಗೆದು ಅದರ ಆರಂಭದ ಒಕ್ಕಣೆಯನ್ನು ಗಟ್ಟಿಯಾಗಿ ಓದತೊಡಗಿದಳು. ಓದುತ್ತ ಒಂದೆಡೆ ನಿಂತು, ‘ಅಜ್ಜ, ಇದರಲ್ಲಿ ತಪ್ಪಿದೆ’ ಎಂದಳು. ರಾಷ್ಟ್ರಪತಿಗಳ ಹೆಸರಿನಲ್ಲಿ ಹೊರಡುವ ಒಕ್ಕಣೆಯಲ್ಲಿ ತಪ್ಪಿದೆ ಎಂಬುದು, ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರದ ಅನ್ನ ಉಂಡ ನನಗೆ ಸುಲಭವಾಗಿ ಜೀರ್ಣವಾಗುವ ಮಾತಲ್ಲ. ಏನು ತಪ್ಪು ಎಂದು ಕೇಳಿದೆ. ಈ ಪುಸ್ತಕ ಹಿಡಿದವರನ್ನು ‘ಲೆಟ್’ ಇಲ್ಲದೆ, ಅಡಚಣೆಯಿಲ್ಲದೆ ಸಂಚರಿಸಲು ಬಿಡಬೇಕೆಂದು ಅಲ್ಲಿ ಬರೆದಿದೆ. ‘ಲೆಟ್ ಎಂದರೆ ಬಿಡುವುದು. ಲೆಟ್ ಇಲ್ಲದೆ ಬಿಡಿ ಎಂದರೆ ಬಿಡದೆ ಬಿಡಿ ಎಂದಲ್ಲವೆ?’ ಎಂದು ಅವಳ ತಕರಾರು.

ತಕರಾರು ನ್ಯಾಯವಾದದ್ದೇ. ಆ ಪುಟವನ್ನು ನಾನು ಹತ್ತಾರು ಸಲ ನೋಡಿದ್ದೆ, ಒಮ್ಮೆಯೂ ಓದಿರಲಿಲ್ಲ. ಪಕ್ಕದಲ್ಲೇ ಇರುವ ಹಿಂದಿ ಒಕ್ಕಣೆ ‘ರೋಕ್ ಟೋಕ್’ ಇಲ್ಲದೆ ಎಂದು ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಹೇಳುತ್ತದೆ. ಇಂಗ್ಲಿಷ್ ಒಕ್ಕಣೆ ಮಾತ್ರ ಬ್ರಿಟಿಷ್ ಪಾಸ್‌ಪೋರ್ಟಿನ ಪಡಿಯಚ್ಚು. ನಿಜಸಂಗತಿ ಏನೆಂದರೆ, ಹಳೆಯ ಇಂಗ್ಲಿಷಿನಲ್ಲಿ ಎರಡು ಬೇರೆ ಬೇರೆ ಕ್ರಿಯಾಪದಗಳಿದ್ದವು. ಒಂದರ ಅರ್ಥ ಬಿಡು, ಇನ್ನೊಂದರ ಅರ್ಥ ತಡೆ. ಕಾಲಾಂತರದಲ್ಲಿ ಉಚ್ಚಾರ ಸವೆದು ಎರಡೂ ‘ಲೆಟ್’ ಎಂಬ ಒಂದೇ ರೂಪಕ್ಕೆ ಬಂದು ನಿಂತವು. ಪರಸ್ಪರ ವಿರುದ್ಧವಾದ ಎರಡು ಅರ್ಥಗಳು ಒಂದೇ ಮನೆಯಲ್ಲಿ ಬಹಳ ಕಾಲ ಬಾಳಲಾರವಷ್ಟೆ. ಶೇಕ್ಸ್‌ಪಿಯರನ ಕಾಲದವರೆಗೂ ತಡೆಯುವ ‘ಲೆಟ್’ ಬದುಕಿತ್ತು. ಅವನ ಹ್ಯಾಮ್ಲೆಟ್ ತನ್ನನ್ನು ಹಿಡಿದು ನಿಲ್ಲಿಸುವವರನ್ನು ಬೆದರಿಸುವಾಗ ಈ ಪದವನ್ನೇ ಬಳಸುತ್ತಾನೆ. ಆಮೇಲೆ ಅದು ಸತ್ತಿತು. ಸತ್ತರೂ ಎರಡು ಜಾಗಗಳಲ್ಲಿ ಅದರ ಸಮಾಧಿ ಉಳಿದುಕೊಂಡಿದೆ. ಒಂದು ಪಾಸ್‌ಪೋರ್ಟ್. ಇನ್ನೊಂದು ಟೆನಿಸ್ ಅಂಗಳ: ಸರ್ವ್ ಮಾಡಿದ ಚೆಂಡು ಬಲೆಗೆ ತಾಗಿ ಆಚೆ ಬಿದ್ದಾಗ ಅಂಪೈರ್ ಕೂಗುವ ‘ಲೆಟ್’ ಅಡ್ಡಿಯಾಯಿತು ಎಂಬ ಆ ಹಳೆಯ ಮಾತೇ.

ಮೊಮ್ಮಗಳಿಗೆ ಇದು ಚೆನ್ನಾಗಿ ರುಚಿಸಿತು. ಇನ್ನಷ್ಟು ಹೇಳು ಎಂದಳು. ‘ನೈಸ್’ ಎಂದರೆ ಆರು ನೂರು ವರ್ಷಗಳ ಹಿಂದೆ ಪೆದ್ದ ಎಂದೂ, ‘ಸಿಲ್ಲಿ’ ಎಂದರೆ ದೇವರ ಕೃಪೆಗೆ ಪಾತ್ರನಾದವನೆಂದೂ, ‘ಗರ್ಲ್’ ಎಂದರೆ ಗಂಡೋ ಹೆಣ್ಣೋ ಯಾವುದಾದರೊಂದು ಮಗು ಎಂದೂ ಅರ್ಥವಿತ್ತೆಂದು ಹೇಳಿದೆ. ಪದಗಳು ಹೀಗೆ ಜಾತಿ ಬದಲಿಸುವುದು ಇಂಗ್ಲಿಷಿನ ಮಾತ್ರ ವಿಶೇಷವಲ್ಲ. ಸಂಸ್ಕೃತದಲ್ಲಿ ‘ಮುಗ್ಧ’ ಎಂದರೆ ಬುದ್ಧಿ ಮಂಕಾದವನೂ ಹೌದು. ಕನ್ನಡದಲ್ಲಿ ಅವನು ನಿಷ್ಕಪಟಿ. ಧರ್ಮಶಾಸ್ತ್ರಗಳಲ್ಲಿ ‘ಸಾಹಸ’ ಎಂಬುದು ಬಲಾತ್ಕಾರದ ಅಪರಾಧಗಳ ಹೆಸರು. ನಮ್ಮಲ್ಲಿ ಅದಕ್ಕೆ ಪದಕ ಕೊಡುತ್ತಾರೆ.

ಅಪರೂಪದ ಇಂಗ್ಲಿಷ್ ಪದಗಳ ಬಗ್ಗೆ ನಮ್ಮ ವಿದ್ಯಾವಂತರಿಗೆ ಒಂದು ಬಗೆಯ ವ್ಯಾಮೋಹವಿದೆ. 2017ರಲ್ಲಿ ಸಂಸದ ಶಶಿ ತರೂರ್ ಅವರು ‘ಫರಾಗೊ’ ಎಂಬ ಪದವನ್ನು ಪ್ರಯೋಗಿಸಿದಾಗ ದೇಶವೇ ನಿಘಂಟಿನತ್ತ ಓಡಿತು. ಲ್ಯಾಟಿನ್ನಿನಲ್ಲಿ ಅದು ದನಗಳಿಗೆ ಹಾಕುವ ಕಲಬೆರಕೆ ಮೇವು. ನಮ್ಮ ರೈತರಿಗೆ ಹೇಳಿದ್ದರೆ ಯಾವ ನಿಘಂಟೂ ಬೇಕಾಗುತ್ತಿರಲಿಲ್ಲ. ಮರುವರ್ಷ ಅವರು ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್’ ಎಂಬ ಇಪ್ಪತ್ತೊಂಬತ್ತು ಅಕ್ಷರಗಳ ಪದವನ್ನು ಬಿಟ್ಟರು. ಹದಿನೆಂಟನೆಯ ಶತಮಾನದಲ್ಲಿ, ಲ್ಯಾಟಿನ್ ವ್ಯಾಕರಣ ಕಲಿತವರು ‘ಬೆಲೆಯಿಲ್ಲದ್ದು’ ಎಂಬ ಅರ್ಥದ ನಾಲ್ಕು ಪದಗಳನ್ನು ಒಂದಕ್ಕೊಂದು ಪೋಣಿಸಿ ತಮಾಷೆಗೆ ಕಟ್ಟಿದ್ದು ಇದು. ತರೂರರ ಪಾಂಡಿತ್ಯದ ಬಗ್ಗೆ ನನಗೆ ಗೌರವವಿದೆ. ಆದರೆ ಇಂಥ ಪದಗಳು ಆಟಿಕೆಗಳು. ಯಾರ ಬಾಯಲ್ಲೂ ಬದುಕಿರದ ಪದಕ್ಕೆ ಸಾವೂ ಇಲ್ಲ. ನನಗೆ ಕುತೂಹಲವಿರುವುದು ಒಂದು ಕಾಲಕ್ಕೆ ಜನರ ಬೆವರು, ರಕ್ತ, ಸಾಲ, ಅವಮಾನಗಳಲ್ಲಿ ಅದ್ದಿ ತೆಗೆದಂತಿದ್ದು ಈಗ ಅರ್ಥ ಕಳೆದುಕೊಂಡಿರುವ ಪದಗಳಲ್ಲಿ.

‘ವಿಲನ್’ ಎಂಬುದನ್ನೇ ನೋಡಿ. ಸಿನಿಮಾ ನೋಡುವ ಕನ್ನಡಿಗರಿಗೆಲ್ಲ ಗೊತ್ತಿರುವ ಈ ಖಳನಾಯಕ ಮೂಲದಲ್ಲಿ ಒಬ್ಬ ಬಡ ಒಕ್ಕಲು. ಜಮೀನ್ದಾರನ ಭೂಮಿಗೆ ಕಟ್ಟುಬಿದ್ದು, ಅಪ್ಪಣೆಯಿಲ್ಲದೆ ಊರು ಬಿಡುವಂತಿಲ್ಲದ ಆಳು. ಅವನು ಯಾವ ಅಪರಾಧವನ್ನೂ ಮಾಡಲಿಲ್ಲ. ಮಾತು ಮಾಲೀಕರ ಬಾಯಲ್ಲಿತ್ತು, ಅಷ್ಟೇ. ‘ದೌ’ ಎಂಬ ಸರ್ವನಾಮದ ಕತೆ ಇನ್ನೂ ಸ್ವಾರಸ್ಯಕರ. ಇಂದಿನ ಇಂಗ್ಲಿಷರಿಗೆ ಅದು ಪ್ರಾರ್ಥನೆಯ, ಹಳೆಯ ಕಾವ್ಯದ ಪದ. ಅದರ ಬಿಸಿ ಎಷ್ಟೆಂದು ಅವರಿಗೆ ವಿವರಿಸಬೇಕಾಗುತ್ತದೆ. ಕನ್ನಡಿಗರಿಗೆ ಒಂದೇ ಮಾತು ಸಾಕು: ಅದು ಏಕವಚನ. 1603ರಲ್ಲಿ ಸರ್ ವಾಲ್ಟರ್ ರ‍್ಯಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್, ತುಂಬಿದ ನ್ಯಾಯಾಲಯದಲ್ಲಿ ಆತನನ್ನು ಬೇಕೆಂದೇ ‘ದೌ’ ಎಂದು ಕರೆದು ಹೀಗಳೆದ. ಮುಂದೆ ಅದೇ ಶತಮಾನದಲ್ಲಿ ಕ್ವೇಕರ್ ಪಂಥದವರು, ದೇವರ ಮುಂದೆ ಎಲ್ಲರೂ ಸಮಾನರೆಂದು ನ್ಯಾಯಾಧೀಶರನ್ನೂ ‘ದೌ’ ಎಂದೇ ಸಂಬೋಧಿಸಿ ಪೆಟ್ಟು ತಿಂದರು. ತಹಶೀಲ್ದಾರರ ಕಚೇರಿಯಲ್ಲಿ ಯಾರು ಯಾರನ್ನು ‘ನೀನು’ ಎನ್ನುತ್ತಾರೆ, ಯಾರು ಯಾರನ್ನು ‘ತಾವು’ ಎನ್ನುತ್ತಾರೆ ಎಂಬುದನ್ನು ಗಮನಿಸಿದವರಿಗೆ ಇದನ್ನು ತಿಳಿಯಲು ಇಂಗ್ಲಿಷ್ ಚರಿತ್ರೆ ಬೇಕಿಲ್ಲ.

ನಾನು ಓದಿದ್ದು ಅರ್ಥಶಾಸ್ತ್ರ. ಎಂ.ಎ. ತರಗತಿಯಲ್ಲಿ ಸ್ಟಾಕ್, ಬಜೆಟ್, ಎಕ್ಸ್‌ಚೆಕರ್ ಎಂಬ ಪದಗಳನ್ನು ಸಾವಿರ ಸಲ ಬರೆದಿದ್ದೇನೆ. ಅವು ಹಿಂದೆ ಕೈಯಲ್ಲಿ ಹಿಡಿಯಬಹುದಾದ ವಸ್ತುಗಳಾಗಿದ್ದವು ಎಂದು ನಮಗೆ ಯಾರೂ ಹೇಳಲಿಲ್ಲ. ‘ಬಜೆಟ್’ ಎಂದರೆ ಫ್ರೆಂಚರ ಚಿಕ್ಕ ತೊಗಲಿನ ಚೀಲ. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು 2019ರಲ್ಲಿ ಚರ್ಮದ ಪೆಟ್ಟಿಗೆಯನ್ನು ಬಿಟ್ಟು ಕೆಂಪು ಬಟ್ಟೆಯ ಕಡತ ಹಿಡಿದು ಬಂದಾಗ, ಪದದಿಂದ ಅದರ ಮೂಲವಸ್ತುವೇ ಕಳಚಿಬಿತ್ತು. ‘ಎಕ್ಸ್‌ಚೆಕರ್’ ಎಂದರೆ ಚದುರಂಗದ ಹಾಸು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಖಜಾನೆಯ ಲೆಕ್ಕ ತೆಗೆಯುವಾಗ ಮೇಜಿನ ಮೇಲೆ ಚೌಕುಳಿ ಬಟ್ಟೆ ಹಾಸಿ, ಮನೆಮನೆಯಲ್ಲೂ ಬಿಲ್ಲೆಗಳನ್ನಿಟ್ಟು ಕೂಡಿ ಕಳೆಯುತ್ತಿದ್ದರು. ಓದುಬರಹವಿಲ್ಲದ ಶೆರೀಫನೂ ತನ್ನ ಬಾಕಿ ಎಷ್ಟೆಂದು ಕಣ್ಣಾರೆ ಕಾಣುತ್ತಿದ್ದ.

ಆದರೆ ಇವುಗಳಲ್ಲೆಲ್ಲ ನನ್ನ ಮನಸ್ಸಿಗೆ ಹಿಡಿದದ್ದು ‘ಟ್ಯಾಲಿ’. ಖಜಾನೆಗೆ ಹಣ ಸಂದಾಯವಾದಾಗ ಹೇಜಲ್ ಮರದ ಒಂದು ಕೋಲಿಗೆ ಕಚ್ಚು ಹಾಕುತ್ತಿದ್ದರು. ಸಾವಿರ ಪೌಂಡಿಗೆ ಅಂಗೈ ಅಗಲದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಬಲಿತ ಬಾರ್ಲಿ ಕಾಳಿನಷ್ಟು. ಹನ್ನೆರಡನೆಯ ಶತಮಾನದ ಖಜಾನೆ ಅಧಿಕಾರಿಯೊಬ್ಬ ಈ ಅಳತೆಗಳನ್ನೆಲ್ಲ ಬರೆದಿಟ್ಟಿದ್ದಾನೆ. ಬಳಿಕ ಕೋಲನ್ನು ಉದ್ದಕ್ಕೆ ಎರಡಾಗಿ ಸೀಳಿ, ಹಿಡಿಕೆಯುಳ್ಳ ಉದ್ದನೆಯ ಭಾಗವನ್ನು ಹಣ ಕೊಟ್ಟವನಿಗೂ ಗಿಡ್ಡ ಭಾಗವನ್ನು ಪಡೆದವನಿಗೂ ಕೊಡುತ್ತಿದ್ದರು. ಎರಡನ್ನೂ ಜೋಡಿಸಿದಾಗ ಕಚ್ಚುಗಳೂ ಮರದ ಎಳೆಗಳೂ ಕೂಡಿಬರಬೇಕು. ಖೋಟಾ ಮಾಡುವುದು ಅಸಾಧ್ಯ. ಆ ಉದ್ದನೆಯ ತುಂಡಿನ ಹೆಸರು ‘ಸ್ಟಾಕ್’. ದಲಾಲ್ ಸ್ಟ್ರೀಟಿನಲ್ಲಿ ಏರಿಳಿಯುವ ಸ್ಟಾಕುಗಳಿಗೂ ಆ ಕೋಲಿಗೂ ನಂಟಿದೆ; ಅದನ್ನು ಹಿಡಿದವನೇ ಸ್ಟಾಕ್ ಹೋಲ್ಡರ್. ನಮ್ಮ ಬೆಂಗಳೂರಿನಲ್ಲೇ ಹುಟ್ಟಿ ದೇಶದ ಅಂಗಡಿ ಅಂಗಡಿಯಲ್ಲೂ ಲೆಕ್ಕ ಬರೆಯುತ್ತಿರುವ ತಂತ್ರಾಂಶದ ಹೆಸರೂ ‘ಟ್ಯಾಲಿ’ಯೇ.

ಈ ಕೋಲುಗಳ ಅಂತ್ಯಕಾಲವನ್ನು ಸರ್ಕಾರಿ ನೌಕರರೆಲ್ಲ ಓದಬೇಕು. ಪದ್ಧತಿಯನ್ನು ಕೈಬಿಡಬೇಕೆಂದು 1782ರಲ್ಲಿ ಕಾಯಿದೆಯಾಯಿತು. ಆದರೆ ಆ ಹುದ್ದೆಗಳಲ್ಲಿದ್ದವರ ಹಕ್ಕಿಗೆ ಧಕ್ಕೆ ಬರಬಾರದೆಂದು ಅವರು ತೆರವಾಗುವವರೆಗೆ ಕಾದರು. ಕೋಲು ನಿಂತದ್ದು 1826ರಲ್ಲಿ. ಎಂಟು ವರ್ಷಗಳ ಬಳಿಕ, ಜಾಗ ಖಾಲಿ ಮಾಡಲು, ಎರಡು ಬಂಡಿ ಕೋಲುಗಳನ್ನು ಹೌಸ್ ಆಫ್ ಲಾರ್ಡ್ಸ್ ಸಭಾಂಗಣದ ಕೆಳಗಿನ ಒಲೆಗಳಲ್ಲಿ ಸುಡಬೇಕೆಂದು ತೀರ್ಮಾನವಾಯಿತು. 1834ರ ಅಕ್ಟೋಬರ್ 16ರಂದು ಅವು ಎಷ್ಟು ಚೆನ್ನಾಗಿ ಉರಿದವೆಂದರೆ ಅವುಗಳೊಡನೆ ಬ್ರಿಟಿಷ್ ಪಾರ್ಲಿಮೆಂಟಿನ ಬಹುಭಾಗವೂ ಉರಿದುಹೋಯಿತು. ಆ ಕೋಲುಗಳನ್ನು ಸುತ್ತಮುತ್ತಲಿನ ಬಡವರಿಗೆ ಸೌದೆಗಾಗಿ ಕೊಡಬಹುದಿತ್ತಲ್ಲ ಎಂದು ಚಾರ್ಲ್ಸ್ ಡಿಕೆನ್ಸ್ 1855ರ ಭಾಷಣವೊಂದರಲ್ಲಿ ಕುಟುಕಿದ. ಹಳೆಯ ಕಡತಗಳ ವಿಲೇವಾರಿಯಲ್ಲಿ ತೊಡಗಿದ್ದ ನನ್ನ ಕೈಕೆಳಗಿನವರಿಗೆ ಈ ಪ್ರಸಂಗವನ್ನು ನಾನು ಹಲವು ಸಲ ಹೇಳಿದ್ದುಂಟು. ಯಾರೂ ನಗುತ್ತಿರಲಿಲ್ಲ.

ನಿವೃತ್ತನಾದ ಮೇಲೆ ನನಗೆ ಹತ್ತಿರವಾದ ಇನ್ನೊಂದು ಪದ ‘ಪೆನ್ಶನ್’. ಸುಮಾರು ನಲವತ್ತೆರಡು ಸಾವಿರ ಪದಗಳ ನಿಘಂಟನ್ನು 1755ರಲ್ಲಿ ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಈ ಪದಕ್ಕೆ ಅರ್ಥ ಕೊಡುವಾಗ, ದೇಶಕ್ಕೆ ದ್ರೋಹ ಬಗೆಯಲು ಸರ್ಕಾರ ತನ್ನ ಬಾಡಿಗೆ ಬಂಟರಿಗೆ ಕೊಡುವ ಕೂಲಿ ಎಂಬ ಭಾವದ ಮಾತು ಸೇರಿಸಿದ. ಏಳು ವರ್ಷಗಳಾದ ಮೇಲೆ ದೊರೆಯಿಂದ ವರ್ಷಕ್ಕೆ ಮುನ್ನೂರು ಪೌಂಡ್ ಪೆನ್ಶನ್ ಬಂದಾಗ ಆತ ಅದನ್ನು ಸ್ವೀಕರಿಸಿದ. ನನಗೂ ತಿಂಗಳ ಕೊನೆಗೆ ಬರುತ್ತದೆ. ಆತನನ್ನು ದೂರುವ ಸ್ಥಿತಿಯಲ್ಲಿ ನಾನಿಲ್ಲ.

ಇಷ್ಟು ಹೊತ್ತು ಹೇಳಿದ್ದೆಲ್ಲ ಆರಾಮಕುರ್ಚಿಯ ವಿನೋದ. ಈಗ ನನ್ನ ಕಚೇರಿಯ ಸಂಗತಿಗೆ ಬರುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಉಪವಿಭಾಗವೊಂದಕ್ಕೆ ಹೊಸದಾಗಿ ಹೋಗಿದ್ದೆ. ಮೊದಲ ತಿಂಗಳಲ್ಲೇ ವಿಚಾರಣೆಯೊಂದರಲ್ಲಿ, ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಬರುವ, ಹಕ್ಕಿಲ್ಲದೆ ಆಸ್ತಿಯನ್ನು ವಶದಲ್ಲಿಟ್ಟುಕೊಂಡವನು ಆ ಅವಧಿಯಲ್ಲಿ ಪಡೆದ ಲಾಭದ ಪ್ರಶ್ನೆ ಬಂತು. ಆ ಲಾಭಕ್ಕಿರುವ ಪದವನ್ನು ನಾನು ಅಕ್ಷರ ಕೂಡಿಸಿ ‘ಮೆಸ್ನೆ’ ಎಂದು ಓದಿದೆ. ಹಿರಿಯ ವಕೀಲರೊಬ್ಬರು ಎದ್ದು, ‘ಸ್ವಾಮಿ, ಅದು ಮೀನ್. ನಡುವಿನ ಅಕ್ಷರಕ್ಕೆ ಮೌನವ್ರತ’ ಎಂದರು. ಪದವೀಧರನೆಂಬ ನನ್ನ ಹೆಮ್ಮೆಗೆ ಬಿದ್ದ ಪೆಟ್ಟು ಅದು. ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ಎರಡನೆಯ ಪದ ಹಾಗಲ್ಲ.

ಒಂದು ಒಣಭೂಮಿಯ ಹಳ್ಳಿಯಲ್ಲಿ ಮಕ್ಕಳಿಲ್ಲದ ವಿಧವೆಯೊಬ್ಬಳು ತೀರಿಕೊಂಡಿದ್ದಳು. ಎರಡು ಎಕರೆ ಚಿಲ್ಲರೆ ಖುಷ್ಕಿ ಜಮೀನು, ಒಂದು ಹೆಂಚಿನ ಮನೆ. ವಾರಸುದಾರರಿಲ್ಲವೆಂದು ಗ್ರಾಮದಿಂದ ವರದಿ ಬಂತು. ಹಿಂದೂ ಉತ್ತರಾಧಿಕಾರ ಕಾಯಿದೆಯ 29ನೇ ಕಲಮಿನಂತೆ, ವಾರಸುದಾರರು ಯಾರೂ ಇಲ್ಲದ ಆಸ್ತಿ ಸರ್ಕಾರಕ್ಕೆ ಸೇರುತ್ತದೆ. ಸಂವಿಧಾನದ 296ನೇ ವಿಧಿಯಲ್ಲೂ ಇದರ ಮಾತಿದೆ. ಎರಡು ಕಡೆಯೂ ಇದಕ್ಕಿರುವ ಪದ ‘ಎಸ್‌ಚೀಟ್’. ಸಂಬಂಧಪಟ್ಟವರು ಹಾಜರಾಗಿ ತಕರಾರು ಸಲ್ಲಿಸಬಹುದೆಂದು ನೋಟಿಸು ಹೊರಡಿಸಿದೆವು. ನೋಟಿಸು ಕನ್ನಡದಲ್ಲೇ ಇತ್ತು. ಆ ಒಂದು ಪದಕ್ಕೆ ಕನ್ನಡ ತೋಚದೆ ಬೆರಳಚ್ಚುಗಾರ ‘ಎಸ್‌ಚೀಟ್ ಪ್ರಕರಣ’ ಎಂದೇ ಕನ್ನಡ ಅಕ್ಷರಗಳಲ್ಲಿ ಬಡಿದ. ನಾನು ಓದಿ ಸಹಿ ಹಾಕಿದೆ. ಒಂದು ಪ್ರತಿ ಚಾವಡಿಗೆ ಅಂಟಿತು. ಇನ್ನೊಂದು, ಸತ್ತವಳ ಮೈದುನನ ಮಗನೊಬ್ಬ ಮುಂಬೈನ ಹೋಟೆಲೊಂದರಲ್ಲಿದ್ದಾನೆಂದು ಯಾರೋ ಹೇಳಿದ ವಿಳಾಸಕ್ಕೆ ಅಂಚೆಯಲ್ಲಿ ಹೋಯಿತು. ನಿಗದಿಯಾದ ದಿನ ಯಾರೂ ಬರಲಿಲ್ಲ. ‘ನೋಟಿಸು ಜಾರಿಯಾಗಿದೆ, ಯಾರೂ ಹಾಜರಿಲ್ಲ’ ಎಂದು ಬರೆದು, ಆಸ್ತಿಯನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳಬಹುದೆಂದು ಶಿಫಾರಸು ಮಾಡಿ ಮೇಲಕ್ಕೆ ಕಳುಹಿಸಿದೆ.

ಒಂದೂವರೆ ವರ್ಷದ ಮೇಲೆ ಆ ಮೈದುನನ ಮಗ ನನ್ನ ಕೊಠಡಿಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ನಾಲ್ಕಾಗಿ ಮಡಿಸಿದ ಅದೇ ನೋಟಿಸು. ಅದು ಅವನಿಗೆ ಸಕಾಲದಲ್ಲೇ ತಲುಪಿತ್ತು. ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ, ಇಂಗ್ಲಿಷ್ ಬಲ್ಲ ಒಬ್ಬನ ಬಳಿ ಓದಿಸಿದ್ದಾನೆ. ಆತ ‘ಚೀಟ್’ ಎಂದರೆ ಮೋಸ, ಇದು 420 ಕೇಸು, ಹೋದರೆ ಹಿಡಿದು ಒಳಗೆ ಹಾಕುತ್ತಾರೆ ಎಂದಿದ್ದಾನೆ. ಆಗ ಜಾರಿಯಲ್ಲಿದ್ದ ದಂಡ ಸಂಹಿತೆಯಲ್ಲಿ ವಂಚನೆಯ ಕಲಮು ಅದೇ. ಸಿನಿಮಾಗಳಿಂದಾಗಿ ಅದು ಎಲ್ಲರಿಗೂ ಪರಿಚಿತ. ದೊಡ್ಡಮ್ಮನಿಗೆ ತಿಂಗಳು ತಿಂಗಳು ಹಣ ಕಳುಹಿಸುತ್ತಿದ್ದ ಅವನು, ತಾನೇ ಏನೋ ಮೋಸ ಮಾಡಿರಬೇಕೆಂದು ಯಾರೋ ದೂರು ಕೊಟ್ಟಿದ್ದಾರೆಂದು ಹೆದರಿ, ಊರ ಕಡೆ ತಲೆ ಹಾಕಲಿಲ್ಲ. ಜಾತ್ರೆಗೆ ಬಂದ ಊರಿನವನೊಬ್ಬ ಮನೆಗೆ ಸರ್ಕಾರದ ಬೀಗ ಬಿದ್ದಿದೆಯೆಂದು ಹೇಳಿದ ಮೇಲೆ, ಜೈಲಾದರೆ ಆಗಲಿ ಎಂದು ಹೊರಟುಬಂದಿದ್ದ. ನಾನು ವಿವರಿಸಿದೆ: ಇದು ಮೋಸದ ಕೇಸಲ್ಲಪ್ಪ, ವಾರಸುದಾರರಿಲ್ಲದ ಆಸ್ತಿಯ ವಿಚಾರಣೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಹಂಗಾರೆ ಸ್ವಾಮಿ, ಮೋಸ ಮಾಡ್ದೋರು ಯಾರು?’

ಗಂಡನ ತಮ್ಮನ ಮಗ ಕಾಯಿದೆಯ ಪ್ರಕಾರ ವಾರಸುದಾರನೇ. ಮೇಲ್ಮನವಿ ಹಾಕಿಸಿದೆ, ಅನುಕೂಲವಾಗುವ ಟಿಪ್ಪಣಿಯನ್ನೂ ಬರೆದೆ. ಅಷ್ಟರಲ್ಲಿ ವರ್ಗವಾಯಿತು. ಆರೇಳು ವರ್ಷಗಳ ಮೇಲೆ ಆ ಕಡೆಯ ಶಿರಸ್ತೇದಾರರೊಬ್ಬರು ಸಿಕ್ಕಾಗ ವಿಚಾರಿಸಿದೆ. ಜಮೀನು ಹಿಂದಕ್ಕೆ ಬಂದಿತ್ತು. ಒಲೆ ಹೊತ್ತದ ಮನೆ ಮಳೆಗೆ ಕುಸಿದು, ಹೆಂಚು ಯಾರದೋ ಪಾಲಾಗಿ, ಮಣ್ಣ ದಿಬ್ಬ ಮಾತ್ರ ಉಳಿದಿತ್ತು.

ಅವನ ಪ್ರಶ್ನೆಗೆ ಉತ್ತರ ನನಗೆ ದೊರೆತದ್ದು ಬಹಳ ತಡವಾಗಿ, ಆಕ್ಸ್‌ಫರ್ಡ್ ನಿಘಂಟಿನಲ್ಲಿ. ‘ಎಸ್‌ಚೀಟ್’ ಹಳೆಯ ಫ್ರೆಂಚಿನ ಪದ. ಪಾಲಿಗೆ ಬಿದ್ದದ್ದು ಎಂಬ ಅರ್ಥದ್ದು. ವಾರಸುದಾರನಿಲ್ಲದೆ ಒಕ್ಕಲು ಸತ್ತರೆ ಭೂಮಿ ಒಡೆಯನ ಪಾಲಿಗೆ ಬೀಳುತ್ತಿತ್ತು. 1215ರ ಮ್ಯಾಗ್ನಾ ಕಾರ್ಟಾದಲ್ಲೂ ಈ ಪದವಿದೆ. ದೊರೆಯ ಪರವಾಗಿ ಇಂಥ ಆಸ್ತಿಯನ್ನು ಹುಡುಕಿ ವಶಪಡಿಸಿಕೊಳ್ಳಲು ‘ಎಸ್‌ಚೀಟರ್’ ಎಂಬ ಅಧಿಕಾರಿಗಳಿದ್ದರು. ಅವರು ವಾರಸುದಾರರಿದ್ದರೂ ಇಲ್ಲವೆಂದು ಬರೆದು, ಸುಳ್ಳು ವಿಚಾರಣೆ ನಡೆಸಿ, ಜನರ ಭೂಮಿಯನ್ನು ನುಂಗುತ್ತಿದ್ದರೆಂಬ ಕುಖ್ಯಾತಿ ಎಷ್ಟು ಹಬ್ಬಿತೆಂದರೆ, ಆ ಪದವೇ ತಲೆ ಕಳೆದುಕೊಂಡು ‘ಚೀಟ್’ ಆಗಿ, ಮೋಸ ಎಂಬ ಅರ್ಥ ಪಡೆಯಿತು. ಅಂದರೆ ಹೋಟೆಲಿನ ಗಲ್ಲಾದವನು ಹೇಳಿದ್ದು ತಪ್ಪಾಗಿರಲಿಲ್ಲ. ಎರಡೂ ಒಂದೇ ಪದ. ಮೋಸಕ್ಕೆ ಇಂಗ್ಲಿಷಿನಲ್ಲಿ ಹೆಸರು ಕೊಟ್ಟವರು ನನ್ನಂಥ ಕಂದಾಯ ಅಧಿಕಾರಿಗಳು.

ಕನ್ನಡದಲ್ಲೂ ಇದಕ್ಕೊಂದು ಸೋದರ ಪದವಿದೆ. ಕಚೇರಿಯ ಭಾಷೆಯಲ್ಲಿ ವಾರಸುದಾರರಿಲ್ಲದ ಸ್ವತ್ತು ‘ಬೇವಾರಸು’, ಪಾರಸಿಯಿಂದ ಬಂದದ್ದು. ಅದೇ ಪದ ಬೀದಿಗಿಳಿದು ‘ಬೇವರ್ಸಿ’ ಎಂಬ ಬೈಗುಳವಾಯಿತು. ಇಂಗ್ಲಿಷರ ಮಾತು ಆಸ್ತಿ ನುಂಗಿದ ಅಧಿಕಾರಿಯ ಮೇಲೆ ತಿರುಗಿಬಿತ್ತು. ನಮ್ಮದು ದಿಕ್ಕಿಲ್ಲದವನ ಮೇಲೆಯೇ ಬಿತ್ತು. ಈ ವ್ಯತ್ಯಾಸ ನನ್ನನ್ನು ಕಾಡುತ್ತದೆ. ಸಂಸ್ಕೃತದಲ್ಲಿ ಇಂಥ ಧನವನ್ನು ‘ರಾಜಗಾಮಿ’ ಎನ್ನುತ್ತಾರೆ. ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿ ಧನಮಿತ್ರನೆಂಬ ಸಮುದ್ರ ವ್ಯಾಪಾರಿ ಹಡಗು ಮುಳುಗಿ ಸತ್ತಿದ್ದಾನೆ, ಮಕ್ಕಳಿಲ್ಲ, ಆದ್ದರಿಂದ ಆಸ್ತಿ ರಾಜಗಾಮಿ ಎಂದು ಅಮಾತ್ಯನ ಪತ್ರ ಬರುತ್ತದೆ. ಮೈಸೂರಿನ ಬಸವಪ್ಪ ಶಾಸ್ತ್ರಿಗಳ ಕನ್ನಡದಲ್ಲಿ ನಾನು ಶಾಕುಂತಲವನ್ನು ಓದಿದ್ದು ಕಾಲೇಜಿನ ದಿನಗಳಲ್ಲಿ; ಆಗ ಈ ಭಾಗವನ್ನು ಹಾರಿಸಿದ್ದೆನೆಂದು ಕಾಣುತ್ತದೆ. ದುಷ್ಯಂತ ಪತ್ರಕ್ಕೆ ಸಹಿ ಹಾಕುವುದಿಲ್ಲ. ಆ ಶ್ರೀಮಂತನಿಗೆ ಹಲವು ಹೆಂಡಿರಿರಬೇಕು, ಅವರಲ್ಲಿ ಯಾರಾದರೂ ಗರ್ಭಿಣಿಯಿದ್ದಾಳೆಯೆ, ವಿಚಾರಿಸಿ ಎನ್ನುತ್ತಾನೆ. ಸಾಕೇತದ ಶ್ರೇಷ್ಠಿಯ ಮಗಳೊಬ್ಬಳು ಇದ್ದಾಳೆಂದು ತಿಳಿಯುತ್ತದೆ. ಹಾಗಾದರೆ ತಂದೆಯ ಧನ ಗರ್ಭದಲ್ಲಿರುವ ಶಿಶುವಿಗೆ ಎಂದು ಆಜ್ಞೆಯಾಗುತ್ತದೆ. ಮುಂಬೈಗೆ ಇನ್ನೊಂದು ಪತ್ರ ಬರೆಯಲು ನನಗೆ ಐದು ನಿಮಿಷ ಸಾಕಾಗುತ್ತಿತ್ತು.

ಈ ಪದದ ಹಿಂದಿರುವ ನ್ಯಾಯವನ್ನು ಕರ್ನಾಟಕ ಹೆಚ್ಚು ದೊಡ್ಡ ಪ್ರಮಾಣದಲ್ಲೂ ಅನುಭವಿಸಿದೆ. ಔರಸ ಸಂತಾನವಿಲ್ಲದ ಸಂಸ್ಥಾನ ಮೇಲಿನ ಒಡೆಯನಿಗೆ ಸೇರತಕ್ಕದ್ದೆಂಬ ವಾದ ಹೂಡಿ, ದತ್ತಕವನ್ನು ಒಪ್ಪದೆ, 1824ರಲ್ಲಿ ಕಂಪನಿ ಸರ್ಕಾರ ಕಿತ್ತೂರಿನ ಬಾಗಿಲಿಗೆ ಬಂತು. ರಾಣಿ ಚೆನ್ನಮ್ಮ ಹಾಜರಾಗಿ ಸಲ್ಲಿಸಿದ ತಕರಾರು ಎಂಥದೆಂದು ಎಲ್ಲರಿಗೂ ತಿಳಿದಿದೆ. ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ.

ಇಂಥ ಪದಗಳು ಬಂದದ್ದೆಲ್ಲಿಂದ? ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಆಳುವವರ, ಮುಂದೆ ನ್ಯಾಯಾಲಯಗಳ, ಮಾತು ಫ್ರೆಂಚಾಯಿತು. ಮೂರು ಶತಮಾನಗಳ ಬಳಿಕ, 1362ರಲ್ಲಿ, ತಮ್ಮ ಪರ ವಿರೋಧ ಏನು ವಾದ ನಡೆದಿದೆಯೆಂದು ಕಕ್ಷಿದಾರರಿಗೇ ತಿಳಿಯುತ್ತಿಲ್ಲವಾದ್ದರಿಂದ ವಾದವೆಲ್ಲ ಇಂಗ್ಲಿಷಿನಲ್ಲಿ ನಡೆಯಬೇಕೆಂದು ಮೂರನೆಯ ಎಡ್ವರ್ಡನ ಕಾಲದಲ್ಲಿ ಶಾಸನವಾಯಿತು. ಆ ಶಾಸನವನ್ನು ಬರೆದದ್ದು ಫ್ರೆಂಚಿನಲ್ಲಿ! ಕರ್ನಾಟಕ ರಾಜಭಾಷಾ ಅಧಿನಿಯಮ 1963ರಲ್ಲಿ ಬಂದ ಮೇಲೂ, ಆಡಳಿತದಲ್ಲಿ ಕನ್ನಡವನ್ನೇ ಬಳಸತಕ್ಕದ್ದೆಂದು ಅಚ್ಚ ಇಂಗ್ಲಿಷಿನಲ್ಲಿ ಬಂದ ಸುತ್ತೋಲೆಯನ್ನು ಕಡತಕ್ಕೆ ಸೇರಿಸಿದ ನನಗೆ ಈ ಸಂಗತಿ ಓದಿದಾಗ ಆದ ಸಮಾಧಾನ ಅಷ್ಟಿಷ್ಟಲ್ಲ. ನ್ಯಾಯಾಲಯದ ದಾಖಲೆಗಳೆಲ್ಲ ಇಂಗ್ಲಿಷಿಗೆ ಬರಬೇಕೆಂಬ ಕಾಯಿದೆಯಾಗಲು 1731ರವರೆಗೆ ಕಾಯಬೇಕಾಯಿತು. ಆ ವೇಳೆಗೆ ವಕೀಲರ ನಾಲಗೆಯಲ್ಲಿ ಮೆಸ್ನೆ, ಎಸ್‌ಚೀಟ್, ಸತ್ತ ಒತ್ತೆ ಎಂಬ ಅರ್ಥದ ಮಾರ್ಟ್‌ಗೇಜ್ ಮುಂತಾದವು ಬೇರೂರಿದ್ದವು. ಅವೇ ಹಡಗು ಹತ್ತಿ ನಮ್ಮಲ್ಲಿಗೆ ಬಂದವು. 1882ರ ಸ್ವತ್ತು ವರ್ಗಾವಣೆ ಕಾಯಿದೆಯಲ್ಲಿ ‘ಯೂಸುಫ್ರಕ್ಚುಯರಿ ಮಾರ್ಟ್‌ಗೇಜ್’ ಎಂಬ ರಾಕ್ಷಸನಿದ್ದಾನೆ. ಬೆಂಗಳೂರಿನ ಗಲ್ಲಿಗಳ ಗೇಟುಗಳ ಮೇಲೆ ನೇತಾಡುವ ‘ಭೋಗ್ಯಕ್ಕಿದೆ’ ಎಂಬ ಹಲಗೆಯ ಮಾತು ಮೂಲತಃ ಅವನ ಹೆಸರೇ.

ಹಾಗೆಂದು ಕನ್ನಡದ ದಸ್ತಾವೇಜುಗಳೇನೂ ಹಾಲು ಕುಡಿದಷ್ಟು ಸಲೀಸಲ್ಲ. ಹಳೆಯ ಕ್ರಯಪತ್ರಗಳಲ್ಲಿ ಜಮೀನಿನೊಡನೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳೂ ಕೊಂಡವನಿಗೆ ಸೇರುತ್ತವೆ. ಅಕ್ಷೀಣಿ ಎಂದರೇನೆಂದು ಕೇಳಿದರೆ ಪತ್ರ ಬರಹಗಾರರೂ ಆಕಾಶ ನೋಡುತ್ತಾರೆ. ನನ್ನ ಅನುಭವದಲ್ಲಿ, ಕಚೇರಿಯ ಮಾತು ಯಾವ ಭಾಷೆಯದಾದರೂ ಅದಕ್ಕೆ ಅರ್ಥವಾಗದಿರುವ ಒಂದು ಚಟವಿರುತ್ತದೆ. ಬರೆದವನಿಗೇ ತಿಳಿಯದ ಪದ ಓದುವವನ ಎದೆಯಲ್ಲಿ ಭಯವಾಗಿ ಇಳಿಯುತ್ತದೆ. ‘ಇಗೋ ಕನ್ನಡ’ ಅಂಕಣದಲ್ಲಿ ಜಿ. ವೆಂಕಟಸುಬ್ಬಯ್ಯನವರು ಪತ್ರ ಬರೆದು ಕೇಳಿದವರಿಗೆಲ್ಲ ಪದಗಳ ಅರ್ಥ ಬಿಡಿಸಿ ಹೇಳುತ್ತಿದ್ದರು. ನಾನು ಆ ನೋಟಿಸಿಗೆ ಸಹಿ ಹಾಕುವ ಮೊದಲು ಯಾರನ್ನೂ ಕೇಳಲಿಲ್ಲ.

ಮೊಮ್ಮಗಳಿಗೆ ಈ ಕೊನೆಯ ಭಾಗವನ್ನೆಲ್ಲ ಹೇಳಲಿಲ್ಲ. ಅವಳ ನೋಟುಪುಸ್ತಕದಲ್ಲಿ ಒಂದು ಪಟ್ಟಿ ಬೆಳೆಯುತ್ತ ಹೋಯಿತು. ಅದರಲ್ಲಿ ಅವಳಿಗೆ ಅತ್ಯಂತ ಪ್ರಿಯವಾದದ್ದು ‘ಓವರ್‌ಮಾರೊ’. ಹದಿನಾರನೆಯ ಶತಮಾನದ ಇಂಗ್ಲಿಷಿನಲ್ಲಿ ಬಳಕೆಯಲ್ಲಿದ್ದ ಈ ಪದದ ಅರ್ಥ ನಾಡಿದ್ದು. ಮೊನ್ನೆ ಎನ್ನುವುದಕ್ಕೂ ‘ಎರ್‌ಯೆಸ್ಟರ್‌ಡೇ’ ಎಂಬುದಿತ್ತು. ಎರಡನ್ನೂ ಇಂಗ್ಲಿಷರು ಕಳೆದುಕೊಂಡು, ನಾಳೆಯ ಮರುದಿನ, ನಿನ್ನೆಯ ಹಿಂದಿನ ದಿನ ಎಂದು ಸುತ್ತಿ ಬಳಸಿ ಹೇಳುತ್ತಾರೆ. ಮನೆಯಲ್ಲಿ ಅಮ್ಮನೊಡನೆ ‘ನಾಡಿದ್ದು’ ಎನ್ನುವ ಈ ಹುಡುಗಿಗೆ, ಶಾಲೆಯಲ್ಲಿ ಅದಕ್ಕೆ ಒಂದೇ ಮಾತು ಸಿಗದೆ ತೊಡಕಾಗುತ್ತಿತ್ತಂತೆ. ತನ್ನ ಟೀಚರಿಗೂ ಈ ಪದ ಗೊತ್ತಿರಲಿಲ್ಲವೆಂದು ಹೋದ ಮೇಲೆ ಫೋನಿನಲ್ಲಿ ಬಹಳ ಉತ್ಸಾಹದಿಂದ ಹೇಳಿದಳು.

ಇಂದು ಬೆಳಿಗ್ಗೆ ಅವಳಿಂದ ಒಂದು ಸಂದೇಶ ಬಂದಿದೆ: ಓವರ್‌ಮಾರೊ ಕರೆ ಮಾಡುತ್ತಾಳಂತೆ, ಇನ್ನೂ ಮೂರು ಪದ ಸಿದ್ಧವಾಗಿಟ್ಟಿರಬೇಕಂತೆ. ಇವತ್ತು ಭಾನುವಾರ. ಎರಡು ಪದ ಹುಡುಕಿಟ್ಟಿದ್ದೇನೆ.